ಅತ್ತೆಯ ಬಾಯಿಗೆ ಬಾರದ ಹೆಸರು

ಮತದಾರರ ಪಟ್ಟಿಯನ್ನು ಹಿಂದಿನಿಂದ ಓದಬೇಕು. ಮುಂದಿನ ಪುಟದಲ್ಲಿ ಹೆಸರು ಕಂಡಿತೆಂದು ಸಮಾಧಾನ ಪಟ್ಟುಕೊಂಡು ಮನೆಗೆ ಹೋದವರು ಕೆಟ್ಟರು. ಪಟ್ಟಿ ಪರಿಷ್ಕರಣೆಯಾದಾಗ ಹಳೆಯ ಪುಟಗಳನ್ನು ಯಾರೂ ಹೊಸದಾಗಿ ಅಚ್ಚು ಹಾಕಿಸುತ್ತಿರಲಿಲ್ಲ. ಕೊನೆಗೊಂದು ಪುರವಣಿ ಅಂಟಿಸುತ್ತಿದ್ದರು. ಹೊಸದಾಗಿ ಸೇರಿದವರು ಅದರ ಮೇಲ್ಭಾಗದಲ್ಲಿ, ತೆಗೆದುಹಾಕಿದವರು ಕೆಳಭಾಗದಲ್ಲಿ. ಮುಂದೆ ನಿಮ್ಮ ಹೆಸರು ಮಿರಿಮಿರಿ ಮಿಂಚುತ್ತಿರುತ್ತದೆ, ಹಿಂದೆ ನಿಮ್ಮ ಕಥೆ ಮುಗಿದಿರುತ್ತದೆ. ಇದನ್ನು ನನಗೆ ಯಾವ ತರಬೇತಿಯೂ ಕಲಿಸಲಿಲ್ಲ. ನಾನೇ ತೆಗೆದುಹಾಕಿಸಿದ ಒಂದು ಹೆಸರು ಕಲಿಸಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಸೇಡಂ ಕಡೆಯವನಾದ ನಾನು ಚಿಂಚೋಳಿ ತಾಲ್ಲೂಕಿನಲ್ಲಿ ಕೆಲ ವರ್ಷ ಕಳೆದು, ರಾವೂರ ದಾಟಿ ವಾಡಿಗೆ ಹೋಗುವ ದಾರಿಯ ಒಂದು ಹಳ್ಳಿ ಶಾಲೆಗೆ ಮಾಸ್ತರನಾಗಿ ಬಂದಿದ್ದೆ. ಶಾಲೆಯ ಹಿಂದೆ ಫರಸಿ ಕಲ್ಲಿನ ಖಣಿಗಳು. ಶಹಾಬಾದ ಕಲ್ಲೆಂದು ಊರೂರಿಗೆ ಹೋಗುವ ಕಲ್ಲು ಏಳುವುದು ಇಂಥ ಕಡೆಯಿಂದಲೇ. ಖಣಿಯ ದಂಡೆಯ ಮೇಲೆ, ಒಡೆದು ಬಿಸಾಡಿದ ಕಲ್ಲುಗಳನ್ನೇ ಪೇರಿಸಿ ಗೋಡೆ ಮಾಡಿ, ಮೇಲೆ ತಗಡು ಹೊದಿಸಿದ ಮನೆಗಳ ಸಾಲೊಂದಿತ್ತು. ಅದಕ್ಕೆ ಖಣಿ ವಸ್ತಿ ಎನ್ನುತ್ತಿದ್ದರು. ವಸ್ತಿಗೆ ನಳ ಇರಲಿಲ್ಲ. ಗುತ್ತೇದಾರನ ಟ್ಯಾಂಕರು ಎರಡು ದಿನಕ್ಕೊಮ್ಮೆ ಬರುತ್ತಿತ್ತು, ಅದೂ ಕೂಲಿಗಳ ಮೇಲ್ವಿಚಾರಕನಾದ ಮುಕಾದಮ ಹೂಂ ಎಂದರೆ. ಯಾವಳಾದರೂ ಅವನಿಗೆ ಎದುರಾಡಿದಳೋ, ಆ ವಾರ ಇಡೀ ಸಾಲು ಖಣಿಯ ತಗ್ಗಿನಲ್ಲಿ ನಿಂತ ಮಳೆನೀರು ಕುಡಿಯಬೇಕಾಗುತ್ತಿತ್ತು.

ಅಕ್ಷರ ಕಲಿಸುವ ಆಂದೋಲನ ಜೋರಾಗಿದ್ದ ಕಾಲ ಅದು. ಖಣಿಯಿಂದ ನಾಲ್ಕಕ್ಕೆ ಬಿಟ್ಟ ಹೆಂಗಸರು ಐದಕ್ಕೆ ಶಾಲೆಯ ಪಡಸಾಲೆಗೆ ಬರುತ್ತಿದ್ದರು. ಅಕ್ಷರದ ಜೊತೆ ಎರಡು ಮಾತು ಲೋಕಜ್ಞಾನವನ್ನೂ ಹೇಳಬೇಕೆಂಬ ಸೂಚನೆಯಿತ್ತು. ಏಳನೆಯ ತರಗತಿಗೆ ಪೌರನೀತಿ ಪಾಠ ಮಾಡಲು ನಾನೇ ಬರೆದ ಒಂದು ನಕ್ಷೆ ಗೋಡೆಯ ಮೇಲಿತ್ತು. ರಾಜಪ್ರಭುತ್ವ, ಕೆಲವೇ ಸಿರಿವಂತರ ಆಳ್ವಿಕೆ, ಸರ್ವಾಧಿಕಾರ, ಪ್ರಜಾಪ್ರಭುತ್ವ. ಒಂದೊಂದರ ಕೆಳಗೆ ಒಂದೊಂದು ಚಿತ್ರ. ಅದನ್ನೇ ಕೋಲಿನಿಂದ ತೋರಿಸುತ್ತ ಹೇಳಿದೆ. ಗ್ರೀಕರ ಊರಿನಲ್ಲಿ ಜನ ಬಯಲಲ್ಲಿ ಸೇರಿ ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು, ಆದರೆ ಹೆಂಗಸರಿಗೂ ಗುಲಾಮರಿಗೂ ಕೈ ಎತ್ತುವ ಹಕ್ಕಿರಲಿಲ್ಲ. ಅರಸನ ಕೆಳಗಿದ್ದವನಿಗೆ ಅಪ್ಪಣೆ ಮಾತ್ರ, ಪೌರನಿಗೆ ಹಕ್ಕು ಉಂಟು. ನಮ್ಮಲ್ಲಿ ನಿಜಾಮರ ಆಳ್ವಿಕೆ ಹೋಗಿ ಈಗ ಎಲ್ಲರೂ ಪೌರರು.

ಹೆಂಗಸರ ನಡುವೆ ಒಬ್ಬಳಿದ್ದಳು. ಮೂವತ್ತರ ಆಸುಪಾಸು, ಅಂಗೈ ತುಂಬ ಕಲ್ಲಿನ ಗಾಯ. ವಸ್ತಿಯವರೆಲ್ಲ ಅವಳನ್ನು ಕಾಶಮ್ಮ ಎಂದು ಕರೆಯುತ್ತಿದ್ದರು, ನನ್ನ ಹಾಜರಿ ಪುಸ್ತಕದಲ್ಲೂ ಅದೇ ಇತ್ತು. ಅವಳು ಎದ್ದು ನಿಂತು ಕೇಳಿದಳು.

"ಆ ಊರಾಗ ಕಲ್ಲ ಒಡಿಯೋರು ಯಾರ್ರಿ ಮಾಸ್ತರ?"

ಗುಲಾಮರು ಎಂದೆ.

"ಹಂಗಂದ್ರ ನಾವೂ ಅಲ್ಲೇ ಇದ್ದೀವಲ್ರಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಕುಳಿತುಕೊಳ್ಳಲಿಲ್ಲ. ನಮ್ಮ ಖಣಿ ಈ ನಾಲ್ಕರಲ್ಲಿ ಯಾವುದು ಎಂದು ಕೇಳಿದಳು. ಖಣಿ ಎಂದರೆ ಸರ್ಕಾರವಲ್ಲ, ಅದು ಬರೀ ಧಂದೆ ಎಂದು ತಿದ್ದಿದೆ. "ನೀರ ಬಿಡೋನೂ ಅವನೇ, ನಿಲ್ಸೋನೂ ಅವನೇ. ಮತ್ತ ಸರ್ಕಾರ ಅಂದ್ರ ಏನ್ರಿ?" ಎಂದಳು. ಹೊತ್ತಾಯಿತೆಂದು ತರಗತಿ ಬಿಟ್ಟೆ.

ಅದಾದ ಸ್ವಲ್ಪ ದಿನಕ್ಕೆ ಅವಳು ಪಾಟಿಯನ್ನು ನನ್ನ ಮುಂದೆ ಹಿಡಿದು, ಭೀಮಬಾಯಿ ಎಂದು ಬರೆದುಕೊಡಲು ಹೇಳಿದಳು. ಬರೆದೆ. ಅದರ ಕೆಳಗೆ ತಂದೆ ಶಿವರಾಯ ಎಂದು ಬರೆಯಲು ಹೇಳಿದಳು. ಅದನ್ನೂ ಬರೆದೆ. ಎಂಟು ದಿನ ಅವಳು ಅದನ್ನೇ ತಿದ್ದಿದಳು. ಯಾರ ಹೆಸರೆಂದು ನಾನು ಕೇಳಲಿಲ್ಲ. ತಂಗಿಗೋ ಗೆಳತಿಗೋ ಕಾಗದ ಬರೆಯುವವಳಿರಬೇಕು ಎಂದುಕೊಂಡೆ. ಒಂದು ಮಾತು ಕೇಳಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಅದು ಅವಳದೇ ಹೆಸರು. ತವರು ಚಿಮ್ಮನಚೋಡ. ಅಪ್ಪ ಪ್ರೀತಿಯಿಂದ, ಹೆಮ್ಮೆಯಿಂದ ಇಟ್ಟ ಹೆಸರು. ಆದರೆ ಗಂಡನ ಮನೆಯಲ್ಲಿ ಮಾವನ ಹೆಸರು ಭೀಮಶಾ. ಅತ್ತೆಯಾದವಳು ಗಂಡನ ಹೆಸರು ಹೇಳುವಂತಿಲ್ಲ, ಹಾಗಿರುವಾಗ ಸೊಸೆಯನ್ನು ಭೀಮಬಾಯಿ ಎಂದು ಕೂಗುವುದು ಹೇಗೆ? ಮದುವೆಯ ದಿನವೇ ಕಾಶಮ್ಮ ಎಂದು ಹೆಸರು ಬದಲಿಸಿದರು. ಹದಿನೈದು ವರ್ಷ ಅವಳು ಕಾಶಮ್ಮನಾಗಿಯೇ ಇದ್ದಳು. ಬರೆಯಲು ಬಂದ ಮೇಲೆ ಅಪ್ಪನಿಟ್ಟ ಹೆಸರು ವಾಪಸು ಬೇಕೆನಿಸಿತು. ಮತದಾರರ ಪಟ್ಟಿಯಲ್ಲಿ ಅವಳು ಅದುವರೆಗೆ ಯಾವ ಹೆಸರಿನಲ್ಲೂ ಇರಲಿಲ್ಲ. ವಾಡಿಯಲ್ಲಿ ಹೆಸರು ಸೇರಿಸುವ ಶಿಬಿರ ನಡೆದಾಗ ಒಬ್ಬಳೇ ಹೋಗಿ, ಅರ್ಜಿಯನ್ನು ತನ್ನ ಕೈಯಾರೆ ತುಂಬಿ, ಭೀಮಬಾಯಿ ತಂದೆ ಶಿವರಾಯ ಎಂದು ಸಹಿ ಮಾಡಿ ಬಂದಿದ್ದಳು. ಆಗ ನಾನು ತರಬೇತಿಗೆಂದು ಗುಲಬರ್ಗಾದಲ್ಲಿದ್ದೆ. ಇದೆಲ್ಲ ನನಗೆ ತಿಳಿದದ್ದು ತಿಳಿದು ಪ್ರಯೋಜನವಿಲ್ಲದ ಹೊತ್ತಿಗೆ.

ಮರುವರ್ಷ ಪಟ್ಟಿ ಪರಿಷ್ಕರಣೆಯ ಕೆಲಸ ನನಗೆ ಬಿತ್ತು. ಮನೆಮನೆಗೆ ಹೋಗಿ, ಇದ್ದವರಿಗೆ ಗೆರೆ ಎಳೆದು, ಸತ್ತವರನ್ನೂ ಊರು ಬಿಟ್ಟವರನ್ನೂ ಬೇರೆ ಹಾಳೆಯಲ್ಲಿ ಬರೆಯಬೇಕು. ಬಿಟ್ಟು ಹೋದವರೆಂದು ಬರೆಯುವ ಮುನ್ನ ಅವರ ಹೆಸರಿಗೊಂದು ನೋಟಿಸು ಮುಟ್ಟಿಸಿ ಸಹಿ ಪಡೆಯಬೇಕು. ಊರೊಳಗಿನ ಮನೆಗಳನ್ನು ಮುಗಿಸಲು ಮೂರು ದಿನ ಹಿಡಿಯಿತು. ವಸ್ತಿಗೆ ಹೋದದ್ದು ಕೊನೆಯ ದಿನ, ಮಟಮಟ ಮಧ್ಯಾಹ್ನ. ಎಲ್ಲರೂ ಖಣಿಗೆ ಹೋಗಿದ್ದರು. ಪಟ್ಟಿಯಲ್ಲಿ ಇಡೀ ವಸ್ತಿಗೆ ಮನೆ ಸಂಖ್ಯೆ ಸೊನ್ನೆ ಎಂದೇ ಇತ್ತು, ಯಾರ ಮನೆ ಯಾವುದೆಂದು ತಿಳಿಯುವಂತಿರಲಿಲ್ಲ.

ಒಂದು ಮನೆಯ ನೆರಳಲ್ಲಿ ಒಬ್ಬ ಮುದುಕಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಎದುರಿಗೆ ಕೂತು ಹೆಸರು ಓದುತ್ತ ಹೋದೆ. ಪ್ರತಿಯೊಂದಕ್ಕೂ ಆಕೆ, ಹೌದು ಅದಾನ, ಹೌದು ಅದಾಳ, ಅವ ಸತ್ತ ಎಂದು ಚುರುಕಾಗಿ ಹೇಳಿದಳು. ಭೀಮಬಾಯಿ ಯಾರಮ್ಮ ಎಂದೆ. ಆಕೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಮುಖ ಪಕ್ಕಕ್ಕೆ ತಿರುಗಿಸಿದಳು. ಮತ್ತೆ ಕೇಳಿದೆ. ತಲೆ ಅಲ್ಲಾಡಿಸಿದಳು. ಶಿವರಾಯ ಅನ್ನೋರು ಯಾರಾದರೂ ಇದ್ದಾರೇನು ಎಂದೆ. "ಆ ಹೆಸರಿನಾಂವ ಇಲ್ಲಿ ಯಾರೂ ಇಲ್ಲ" ಎಂದಳು. ಅದು ಸುಳ್ಳಲ್ಲ, ಶಿವರಾಯ ಇದ್ದದ್ದು ಚಿಮ್ಮನಚೋಡದಲ್ಲಿ. ತಂದೆಯ ಹೆಸರಿದೆ, ಗಂಡನ ಹೆಸರಿಲ್ಲ, ಮುದುಕಿ ಇಲ್ಲವೆನ್ನುತ್ತಾಳೆ. ಅದೇ ಹೆಸರನ್ನು ವರ್ಷದ ಹಿಂದೆ ಪಾಟಿಯ ಮೇಲೆ ನಾನೇ ಬರೆದುಕೊಟ್ಟದ್ದು ನೆನಪಾಗಲಿಲ್ಲ. ಯಾವುದೋ ಮದುವೆಯಾಗದ ಹುಡುಗಿ, ಮದುವೆಯಾಗಿ ಬೇರೆ ಊರಿಗೆ ಹೋಗಿರಬೇಕೆಂದು ತೀರ್ಮಾನಿಸಿದೆ. ಕಾರಣದ ಕಾಲಮ್ಮಿನಲ್ಲಿ 'ಮದುವೆಯಾಗಿ ಹೋಗಿದ್ದಾಳೆ' ಎಂದು ಬರೆದೆ. ಮದುವೆಯಾಗಿ ಬಂದವಳನ್ನು ಮದುವೆಯಾಗಿ ಹೋದವಳೆಂದು ಬರೆದೆ. ನೋಟಿಸಿನ ಮೇಲೆ 'ವಿಳಾಸದಲ್ಲಿ ಸಿಗಲಿಲ್ಲ' ಎಂದು ಷರಾ ಹಾಕಿ ಕಚೇರಿಗೆ ಕೊಟ್ಟೆ. ಮೇಲಿನವರು ಓದದೆ ಸಹಿ ಮಾಡಿದರು.

ನನಗೆ ಗೊತ್ತಿರಬೇಕಿತ್ತು. ನಾವು ವೈಷ್ಣವರು. ನಮ್ಮ ಮನೆಯಲ್ಲೂ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಸಿ ಹೆಣ್ಣಿನ ಹೆಸರು ಬದಲಿಸುತ್ತಾರೆ. ನನ್ನ ಹೆಂಡತಿಗೆ ಎರಡು ಹೆಸರು. ನನ್ನ ಅವ್ವ ಒಂದು ದಿನವೂ ಅಪ್ಪನ ಹೆಸರು ಹೇಳಿದವಳಲ್ಲ, ಪಂಚಾಂಗದಲ್ಲಿ ಆ ಹೆಸರು ಬಂದರೂ ಬೆರಳು ತೋರಿಸುತ್ತಿದ್ದಳು. ಆದರೂ ಆ ಮುದುಕಿ ಸೆರಗೆಳೆದುಕೊಂಡಾಗ ನನಗೆ ಹೊಳೆಯಲಿಲ್ಲ. ಇಂಥ ಸೂಕ್ಷ್ಮಗಳೆಲ್ಲ ನಮ್ಮಂಥವರ ಮನೆಯವು, ಕಲ್ಲು ಒಡೆಯುವವರಿಗೆಲ್ಲಿಯವು ಎಂದು ನನ್ನ ಹೊಟ್ಟೆಯಲ್ಲಿ ಎಲ್ಲೋ ಕೂತಿತ್ತು. ಬಾಯಲ್ಲಿ ಎಲ್ಲರೂ ಪೌರರು ಎನ್ನುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಪಟ್ಟಿ ಪ್ರಕಟವಾಗಿ ನಮ್ಮ ಶಾಲೆಯ ಗೋಡೆಗೇ ಅಂಟಿತು. ಅವಳು ಬಂದು, ಬೆರಳಿಟ್ಟು ಓದಿ, ಮುಂದೆ, ಹೋದ ವರ್ಷ ಸೇರಿಸಿದವರ ಪುಟದಲ್ಲಿ, ತನ್ನ ಹೆಸರು ಕಂಡು ಹೋಗಿದ್ದಳಂತೆ. ಕೊನೆಗೆ ಅಂಟಿಸಿದ ಈ ವರ್ಷದ ಪುರವಣಿಯನ್ನೂ ನೋಡಬೇಕೆಂದು ಅವಳಿಗೆ ಹೇಳಬೇಕಾದವನು ನಾನು. ಹೇಳಲಿಲ್ಲ.

ಕೆಲ ತಿಂಗಳಿಗೆ ಗ್ರಾಮ ಪಂಚಾಯ್ತಿ ಚುನಾವಣೆ ಬಂತು. ವಸ್ತಿ ಇರುವ ಕ್ಷೇತ್ರದ ಒಂದು ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಯಿತು. ಮುಕಾದಮ ತನ್ನ ಮಾತು ಮೀರದ ಒಬ್ಬಳನ್ನು ನಿಲ್ಲಿಸಿದ. ವಸ್ತಿಯ ಹೆಂಗಸರು ಪಡಸಾಲೆಯಲ್ಲೇ ಕೂತು, ಈ ಸಲ ನಮ್ಮವಳೇ ನಿಲ್ಲಲಿ, ಪಂಚಾಯ್ತಿಯಿಂದ ನಳ ಹಾಕಿಸಿಕೊಂಡರೆ ಟ್ಯಾಂಕರಿನವನ ಹಂಗು ತಪ್ಪುತ್ತದೆ ಎಂದು ಮಾತಾಡಿ ಕಾಶಮ್ಮನನ್ನು ಒಪ್ಪಿಸಿದರು. ಇದು ಮುಕಾದಮನ ಕಿವಿಗೆ ಬಿದ್ದ ದಿನವೇ ಟ್ಯಾಂಕರು ನಿಂತಿತು. ಹೆಂಗಸರು ಜಗ್ಗಲಿಲ್ಲ. ಗೆಲ್ಲುವಷ್ಟು ಮತ ಅವರ ಕಡೆ ಇತ್ತು, ಅದು ಮುಕಾದಮನಿಗೂ ಗೊತ್ತಿತ್ತು.

ನಾಮಪತ್ರಕ್ಕೆ ಶನಿವಾರ ಕೊನೆಯ ದಿನ. ಬುಧವಾರ ಸಂಜೆ ಅವಳು ತುಂಬಿದ ಅರ್ಜಿ, ತವರಿನಿಂದ ತರಿಸಿದ ಜಾತಿ ಪ್ರಮಾಣಪತ್ರ ಹಿಡಿದು, ಎಲ್ಲ ಸರಿಯಿದೆಯೇ ನೋಡಿರೆಂದು ಶಾಲೆಗೆ ಬಂದಳು. ಅರ್ಜಿಯ ಮೇಲೆ ಭೀಮಬಾಯಿ ತಂದೆ ಶಿವರಾಯ ಎಂದಿತ್ತು, ದುಂಡಗಿನ ಅಕ್ಷರದಲ್ಲಿ. ನಾನು ಪಾಟಿಯ ಮೇಲೆ ಬರೆದುಕೊಟ್ಟ ಅಕ್ಷರದ ಪಡಿಯಚ್ಚು.

"ಇದು ಯಾರ ಹೆಸರು?" ಎಂದೆ.

"ನಂದೇ ರೀ. ನೀವೇ ಬರಸಿದ್ರಲ್ಲ."

ಪಟ್ಟಿಯ ಕೊನೆಯ ಪುಟ ತೆಗೆದೆ. ತೆಗೆದುಹಾಕಿದ ಹೆಸರುಗಳ ಸಾಲಿನಲ್ಲಿ ಅವಳ ಕ್ರಮಸಂಖ್ಯೆ ಇತ್ತು. ಪುಸ್ತಕ ಮುಚ್ಚಿದೆ. ನಿಜ ಹೇಳಲಾರದೆ, ಒಂದು ಸಣ್ಣ ತೊಡಕಿದೆ, ನಾಳೆ ಸರಿಮಾಡೋಣ ಎಂದೆ. ಅವಳು ನಂಬಿ ಹೋದಳು.

ಹೆಸರು ಮತ್ತೆ ಸೇರಿಸಲು ಹೊಸ ಅರ್ಜಿ ಕೊಡಬಹುದಿತ್ತು. ಆದರೆ ಆಕ್ಷೇಪಣೆಗೆಂದು ಅದನ್ನು ಏಳು ದಿನ ಪ್ರಕಟಿಸಬೇಕು. ನಮಗಿದ್ದದ್ದು ಮೂರು ದಿನ. ಉಳಿದದ್ದು ಒಂದೇ ದಾರಿ. ನೋಟಿಸು ಮುಟ್ಟಿಸದೆ ಹೆಸರು ತೆಗೆದದ್ದು ಕಾನೂನಿಗೆ ವಿರುದ್ಧ ಎಂದು ತೆಗೆದವನೇ ಬರೆದುಕೊಟ್ಟರೆ, ಜಿಲ್ಲೆಯ ಅಧಿಕಾರಿಗಳು ಆ ತೆಗೆದುಹಾಕಿದ್ದನ್ನು ರದ್ದು ಮಾಡಬಹುದು ಎಂದು ಒಬ್ಬ ಹಳೆಯ ಗುಮಾಸ್ತರು ಹೇಳಿದ್ದು ನೆನಪಿತ್ತು. ಆದರೆ ಹಾಗೆ ಬರೆದುಕೊಟ್ಟವನ ನೌಕರಿ ಏನಾಗುತ್ತದೆಂಬುದೂ ಗೊತ್ತಿತ್ತು.

ಬುಧವಾರ ಸಂಜೆಯೇ ಕಾಗದ ಬರೆಯಬಹುದಿತ್ತು. ಬರೆದು ಹರಿದೆ, ಬರೆದು ಹರಿದೆ. ಗುರುವಾರ ಬೆಳಿಗ್ಗೆ ಶಾಲೆ ಮುಗಿಸಿ, 'ಕಣ್ತಪ್ಪಿನಿಂದ ಹೆಸರು ಕೈಬಿಟ್ಟಿರುತ್ತದೆ' ಎಂಬ ಒಂದು ಸಾಲಿನ ಪತ್ರ ಹಿಡಿದು ಚಿತ್ತಾಪುರದ ಬಸ್ಸು ಹತ್ತಿದೆ. ಕೈಬಿಟ್ಟಿರುತ್ತದೆ! ಕೈ ಯಾರದೆಂದು ಆ ಸಾಲಿನಲ್ಲಿ ಇರಲಿಲ್ಲ. ಅಷ್ಟು ಜಾಣತನದಿಂದ ಬರೆದಿದ್ದೆ. ತಹಶೀಲ್ದಾರರು ಬೆಳಿಗ್ಗೆಯೇ ಮೀಟಿಂಗಿಗೆಂದು ಗುಲಬರ್ಗಾಕ್ಕೆ ಹೋಗಿದ್ದರು. ಸಂಜೆಯವರೆಗೆ ಬೇವಿನ ಮರದ ಕೆಳಗೆ ಕೂತು ವಾಪಸು ಬಂದೆ.

ಶುಕ್ರವಾರ ಸಿಕ್ಕರು. ಪತ್ರ ಓದಿ ಮೇಜಿನ ಮೇಲಿಟ್ಟು, "ಕಣ್ತಪ್ಪು ಅಂದ್ರ ಯಾರ ಕಣ್ಣು ಮಾಸ್ತರ್ರ? ಅದನ್ನ ಬರೀರಿ. ಇದರ ಮ್ಯಾಲ ನಾ ಏನೂ ಮಾಡ್ಲಿಕ್ಕಾಗಲ್ಲ" ಎಂದರು.

ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ಮನೆಯವರನ್ನು ಸರಿಯಾಗಿ ವಿಚಾರಿಸಲಿಲ್ಲ. ನೋಟಿಸು ಮುಟ್ಟಿಸಲಿಲ್ಲ, ಮುಟ್ಟಿಸಲು ಹೋಗಲೂ ಇಲ್ಲ. ಸಿಗಲಿಲ್ಲವೆಂಬ ಷರಾ ಸುಳ್ಳು. ತಪ್ಪು ಸಂಪೂರ್ಣವಾಗಿ ನನ್ನದು. ಸಹಿ ಹಾಕಿದ ಮೇಲೆ ಹಗುರವಾಯಿತು. ತಹಶೀಲ್ದಾರರು ಎರಡು ಸಲ ಓದಿದರು. ಅವರು ಕೆಟ್ಟ ಮನುಷ್ಯರಲ್ಲ.

"ನಿನ್ನೆ ಮುಂಜಾನಿ ಈ ಕಾಗದ ನನ್ನ ಕೈಯಾಗ ಇದ್ದಿದ್ರ ಮೀಟಿಂಗಿಗೆ ನಾನೇ ಹಿಡಕೊಂಡು ಹೋಗ್ತಿದ್ದೆ. ಜಿಲ್ಲಾ ಸಾಹೇಬ್ರು ಎದುರಿಗೇ ಕುಂತಿದ್ರು" ಎಂದರು.

ಆ ಹಗುರ ಅಷ್ಟಕ್ಕೇ ಮುಗಿಯಿತು. ನನ್ನ ನೌಕರಿ ಉಳಿಸಿಕೊಳ್ಳುವ ಒಂದು ಪದ ಹುಡುಕುತ್ತ ನಾನು ಕಳೆದ ಆ ಬುಧವಾರದ ರಾತ್ರಿ ಅವಳ ಸ್ಥಾನವನ್ನು ನುಂಗಿತ್ತು. ಕಾಗದವನ್ನು ಅಂದಿನ ಟಪಾಲಿನಲ್ಲಿ ಗುಲಬರ್ಗಾಕ್ಕೆ ಕಳಿಸಿದರು. ಉತ್ತರ ಬಂತು, ಚುನಾವಣೆ ಮುಗಿದ ಮೇಲೆ. ಪ್ರಕ್ರಿಯೆ ಆರಂಭವಾದ್ದರಿಂದ ಈ ಹಂತದಲ್ಲಿ ಪರಿಶೀಲಿಸಲು ಬರುವುದಿಲ್ಲ ಎಂದಿತ್ತು. ನನಗೂ ಒಂದು ಕಾರಣ ಕೇಳುವ ನೋಟಿಸು ಬಂತು. ಕಾರಣ ಬರೆದುಕೊಟ್ಟೆ. ಆಮೇಲೆ ಯಾರೂ ಏನೂ ಕೇಳಲಿಲ್ಲ. ನನ್ನ ನೌಕರಿಗೆ ಏನೂ ಆಗಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಶುಕ್ರವಾರ ಸಂಜೆ ವಸ್ತಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಒಲೆಯ ಮುಂದೆ ಕೂತು, ಅಂದು ಹುಣಸೆಹಣ್ಣು ಬಿಡಿಸುತ್ತಿದ್ದ ಆ ಮುದುಕಿಯ ಕಡೆ ನೋಡಿದಳು. ಮುದುಕಿ ಅವಳ ಅತ್ತೆ. ಮಾಸ್ತರ ಕೇಳಿದ್ದು ಸೊಸೆಯ ಹೆಸರೆಂದು ಆಕೆಗೆ ಗೊತ್ತಿತ್ತು. ಹೇಗೆ ಹೇಳುವುದು, ಅದು ಸತ್ತ ಗಂಡನ ಹೆಸರು. ತಲೆ ಅಲ್ಲಾಡಿಸಿದ್ದು ಇಲ್ಲವೆಂದಲ್ಲ, ನನ್ನ ಬಾಯಲ್ಲಿ ಹೇಳಿಸಬೇಡ ಎಂದು. ಅಷ್ಟೂ ತಿಳಿಯುವುದಿಲ್ಲವೇ ಓದಿದವನಿಗೆ ಎಂದುಕೊಂಡು ಆಕೆ ಸುಮ್ಮನಾಗಿದ್ದಳು.

ಆದರೂ ಶನಿವಾರ ನಾಮಪತ್ರ ಸಲ್ಲಿಸಿದೆವು. ಸೋಮವಾರದೊಳಗೆ ಆದೇಶ ಬಂದರೆ ಬರಲಿ ಎಂಬ ಆಸೆ. ಸೋಮವಾರ ಹನ್ನೊಂದಕ್ಕೆ ಪರಿಶೀಲನೆ. ಪಂಚಾಯ್ತಿಯ ಕೋಣೆಯಲ್ಲಿ ಚುನಾವಣಾಧಿಕಾರಿಗಳು, ಅವರು ಕೃಷಿ ಇಲಾಖೆಯವರು, ಪಟ್ಟಿ ತೆರೆದು ಕೂತಿದ್ದರು. ಎದುರಿಗೆ ಮುಕಾದಮ, ಅವನ ಕೈಯಲ್ಲೂ ಒಂದು ಪಟ್ಟಿ. ಅವನು ಅದನ್ನು ಹಿಂದಿನಿಂದ ತೆರೆದಿದ್ದ. ಗೋಡೆಗಾನಿಕೊಂಡು ಅತ್ತೆ ಸೊಸೆ ನಿಂತಿದ್ದರು. ಅತ್ತೆ ಯಾಕೆ ಬಂದಿದ್ದಾಳೆಂದು ನನಗೆ ತಿಳಿದಿರಲಿಲ್ಲ.

ಅವಳ ಸರದಿ ಬಂದಾಗ ಮುಕಾದಮ ಎರಡು ಆಕ್ಷೇಪಣೆ ಎತ್ತಿದ. ಈ ಹೆಸರು ಪಟ್ಟಿಯಿಂದ ತೆಗೆದಿದೆ, ಇದು ಮೊದಲನೆಯದು. ಈಕೆ ಭೀಮಬಾಯಿಯೇ ಅಲ್ಲ, ಊರಿಗೆಲ್ಲ ಗೊತ್ತಿರುವ ಕಾಶಮ್ಮ, ಇದು ಎರಡನೆಯದು. ನಾನು ಎದ್ದು, ತೆಗೆದವನು ನಾನು, ಹೀಗಾಗಿದೆ ಎಂದು ಹೇಳಿದೆ. ಅಧಿಕಾರಿಗಳು ಗುಲಬರ್ಗಾದಿಂದ ಆದೇಶ ಬಂದಿದೆಯೇ ಎಂದು ಕೇಳಿದರು. ಇಲ್ಲವೆಂದೆ. ಇರಲಿ, ಈಕೆ ಅದೇ ಹೆಸರಿನವಳೆಂದು ಹೇಳುವವರಾದರೂ ಇದ್ದಾರೆಯೇ ಎಂದರು.

ಮುದುಕಿ ಗೋಡೆ ಬಿಟ್ಟು ಮುಂದೆ ಬಂದಳು. ಸೆರಗು ತಲೆಯ ಮೇಲೆ ಸರಿಯಾಗಿ ಹೊದ್ದುಕೊಂಡಳು. ತುಟಿ ಎರಡು ಸಲ ಅಲುಗಿತು, ಮಾತು ಬರಲಿಲ್ಲ. ಹೇಳಲಾರಳು ಎಂದುಕೊಂಡೆ.

"ಭೀಮಬಾಯಿ" ಎಂದಳು. "ನನ್ನ ಸೊಸಿ ಭೀಮಬಾಯಿ. ನನ್ನ ಗಂಡ ಭೀಮಶಾ. ಅದಕ್ಕ ನಾ ಹೆಸರ ಹಿಡಿದಿಲ್ರಿ ಸಾಹೇಬ್ರ."

ಮುಕಾದಮನೂ ಕಣ್ಣು ಕೆಳಗೆ ಹಾಕಿದ. ಅವನ ಮನೆಯಲ್ಲೂ ಒಬ್ಬ ಮುದುಕಿ ಇದ್ದಿರಬೇಕು.

ಅಧಿಕಾರಿಗಳು ಪೆನ್ನು ಮುಚ್ಚಿ ತೆರೆದರು. "ಅವ್ವ, ಈಕಿ ಯಾರು ಅನ್ನೋದ್ರಾಗ ನನಗ ಈಗ ಅನುಮಾನ ಇಲ್ಲ. ಎರಡನೇ ತಕರಾರು ತಗದೀನಿ. ಆದ್ರ ಪಟ್ಟಿಯಾಗ ಈಕಿ ಇಲ್ಲ" ಎಂದರು. ನಾಮಪತ್ರದ ಮೇಲೆ ತಿರಸ್ಕರಿಸಲಾಗಿದೆ ಎಂದು ಬರೆದು ಕಾರಣವನ್ನೂ ಬರೆದರು. ಮೀಸಲು ಸ್ಥಾನಕ್ಕೆ ಉಳಿದದ್ದು ಮುಕಾದಮ ನಿಲ್ಲಿಸಿದವಳು ಒಬ್ಬಳೇ. ಅವಿರೋಧ ಆಯ್ಕೆ. ಆ ಸ್ಥಾನಕ್ಕೆ ವಸ್ತಿಯವರು ಒಂದು ಮತವನ್ನೂ ಹಾಕಬೇಕಾಗಲಿಲ್ಲ.

ಹೊರಗೆ ಬಿಸಿಲು. ಸೊಸೆ ಜಾತಿ ಪ್ರಮಾಣಪತ್ರವನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ಅರ್ಧ ದಿನದ ಕೆಲಸವಾದರೂ ಸಿಗುತ್ತದೆಂದು ಖಣಿಯ ಹಾದಿ ಹಿಡಿದಳು. ನನ್ನ ಕಡೆ ತಿರುಗಲಿಲ್ಲ. ಮುದುಕಿ ಮಾತ್ರ ಹಿಂದುಳಿದು, ನೆಲಕ್ಕೆ ಕೂತು, ಎರಡೂ ಕೆನ್ನೆ ಬಡಿದುಕೊಂಡು ಸತ್ತ ಗಂಡನಲ್ಲಿ ತಪ್ಪಾಯಿತೆಂದಳು. ಎಬ್ಬಿಸಲೆಂದು ಕೈ ಚಾಚಿದೆ. ಹಿಡಿಯಲಿಲ್ಲ. ತಾನೇ ಎದ್ದು, ನನ್ನ ಅಂಗಿಯ ಜೇಬಿನಲ್ಲಿದ್ದ ಪೆನ್ನನ್ನು ನೋಡಿದಳು.

"ಈಗ ಹೇಳೀನಲ್ಲ ಮಾಸ್ತರ" ಎಂದಳು. "ಬರಕೋ."